ಪ್ರೇಮಲಾಳ ಕೈಗುಣ

ಅಂಗನವಾಡಿ ಟೀಚರ್ ಪ್ರೇಮಲಾಳ ಕೈಗುಣ ಸರಿಯಿಲ್ಲ ಎಂಬ ಮಾತು ತಾಂಡೂರಿನ ನಮ್ಮ ಓಣಿಯಲ್ಲಿ ಹುಟ್ಟಿದ್ದು ಅವಳ ಮೂರನೆಯ ಗಿಡ ಸತ್ತ ಮೇಲೆ. ಪಕ್ಕದ ಮನೆಯವಳಾದ ನಾನೂ ಒಮ್ಮೆ ಹಾಗೆ ಅಂದಿದ್ದೇನೆ. ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಅವಳಿಗೆ ಹೂವಿನ ಹುಚ್ಚಿಲ್ಲ, ಎಲೆಯ ಹುಚ್ಚು. ಜಹೀರಾಬಾದಿನ ನರ್ಸರಿಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಕ್ರೋಟನ್ ಹೋಯಿತು, ಮನಿಪ್ಲಾಂಟ್ ಹೋಯಿತು, ಅದರ ಹಿಂದೆ ಇನ್ನೊಂದು ಹೋಯಿತು. ನಾಲ್ಕನೆಯದು ಕ್ಯಾಲಥಿಯಾ, ಸಂಜೆಯಾದರೆ ಪಟ್ಟೆಪಟ್ಟೆ ಎಲೆಗಳನ್ನು ಮೇಲಕ್ಕೆತ್ತಿ ಮಡಚಿಕೊಳ್ಳುವ ಗಿಡ. ಇದಾದರೂ ಉಳಿದು ತನ್ನ ಹೆಸರು ಉಳಿಸಲಿ ಎಂದು ಪಡಸಾಲೆಯಲ್ಲಿಟ್ಟು, ವಾರಕ್ಕೆ ಎರಡೇ ಸಲ ಅಳೆದು ನೀರು ಹಾಕುತ್ತಿದ್ದಳು. ತಿಂಗಳೊಳಗೆ ಎಲೆಯಂಚು ಕಂದಿತು, ಮಣ್ಣಿನ ಮೇಲೆ ಬಿಳಿ ಪುಡಿ ಕೂತಿತು. ಗಂಡ ಗುರುಬಸವನದು ಕಲ್ಲು ಪಾಲಿಶ್ ಕೆಲಸ. ಅವನು ಹೊತ್ತು ತರುವ ಧೂಳೇ ಇದೆಂದು ಅವನಿಂದ ಬಾಗಿಲಲ್ಲೇ ಅಂಗಿ ಬಿಚ್ಚಿಸಿದಳು. ಅವನು ರೇಗಿದ. ಪುಡಿ ಮಾತ್ರ ಹೋಗಲಿಲ್ಲ.

ಒಂದು ಮಧ್ಯಾಹ್ನ ಪ್ರೇಮಲಾ ಬೇಗ ಮನೆಗೆ ಬಂದರೆ, ಅತ್ತೆ ಶಕುಂತಲಾಬಾಯಿ ಲಿಂಗಪೂಜೆ ಮುಗಿಸಿ, ವಿಭೂತಿ ಬೆರೆತ ನೀರನ್ನು ಕುಂಡಕ್ಕೆ ಸುರಿಯುತ್ತಿದ್ದರು. ದಿನಕ್ಕೆ ಮೂರು ಪೂಜೆ, ಮೂರು ಬಟ್ಟಲು.

"ಇದು ತುಳಿಯೋ ನೀರಲ್ಲ ಪ್ರೇಮಾ. ನನ್ನ ಮಗ ಅಂಗಳ ತುಂಬ ಫರಸಿ ಕಲ್ಲು ಹಾಸ್ಯಾನ, ಎಲ್ಲಿ ಹಾಕಲಿ? ನಿನ್ನ ಗಿಡ ಆದ್ರೂ ಬದುಕಲಿ ಅಂತ ಹಾಕ್ತೀನಿ," ಎಂದರು.

ಪ್ರೇಮಲಾ ಕುಂಡವನ್ನು ಅಂಗಳಕ್ಕೆ ಎತ್ತಿ ತಂದಳು. ಬೈಯೋಣವೆಂದರೆ ತಪ್ಪು ಮಾಡಿದವರೇ ಇರಲಿಲ್ಲ. ಅದೇ ಅವಳನ್ನು ಹೆಚ್ಚು ಉರಿಸಿತು. ಕುಂಡ ಬೋರಲು ಹಾಕಿದಾಗ ಕೊಳೆತ ಬೇರು ಕೈಗಂಟಿತು. ಅಂಗಳದ ಒಂದು ಫರಸಿ ಕೀಳು ಎಂದು ಗಂಡನಿಗೆ ಹೇಳಿದಳು. ತಾನೇ ಆರಿಸಿ ತಂದ ಕಲ್ಲು, ಜೋಡಣೆ ಕೆಡುತ್ತದೆ ಎಂದು ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಮರುದಿನ ನಮ್ಮ ಮನೆಯ ಹಾರೆ ಒಯ್ದು ಒಬ್ಬಳೇ ಮೀಟಿ ಎಬ್ಬಿಸಿದಳು. ಅಲ್ಲಿ ಬಿಲ್ವದ ಸಸಿ ನೆಟ್ಟು, ಇನ್ನು ನೀರು ಇಲ್ಲಿ ಹಾಕಿರಿ ಎಂದು ಅತ್ತೆಗೆ ತೋರಿಸಿದಳು.

ಎರಡು ಮಳೆಗಾಲದಲ್ಲಿ ಬಿಲ್ವ ಎದೆಯೆತ್ತರ ಬಂತು. ಓಣಿಯವರೆಲ್ಲ ಶಕುಂತಲಾಬಾಯಿಯ ಕೈಗುಣ ಹೊಗಳಿದರು. ಎದುರು ಮನೆಯ ಲಚ್ಚಮ್ಮ ತನ್ನ ಕರಿಬೇವಿನ ಸಸಿ ನೆಟ್ಟುಕೊಡಲು ಅವರನ್ನೇ ಕರೆದಳು. ಹೊರಟ ಅತ್ತೆ ಹೊಸ್ತಿಲಲ್ಲಿ ನಿಂತು ಸೊಸೆಯ ಕಡೆ ತಿರುಗಿದರು.

"ನೀನೂ ಬಾ ಪ್ರೇಮಾ, ತೆಗ್ಗು ತೋಡಾಕ. ಸಸಿ ಮಾತ್ರ ಮುಟ್ಟಬ್ಯಾಡ."