ಅಕ್ಕ ಬೆಳಗಿದ ಹಂಡೆ

ನಾನು ಚಿಕ್ಕವನಿದ್ದಾಗ ಕಳ್ಳಕವಟಗಿಯ ನಮ್ಮ ಓಣಿಗೆಲ್ಲ ಸೇರಿ ಒಂದೇ ದೊಡ್ಡ ತಾಮ್ರದ ಹಂಡೆ ಇತ್ತು. ಮದುವೆಯಿರಲಿ, ತೊಟ್ಟಿಲಿರಲಿ, ಅಡುಗೆ ಅದರಲ್ಲೇ. ಒಯ್ದವರು ತೊಳೆದು ತಂದಿಡಬೇಕು. ಕೆಡಿಸಿದವರಿಗೆ ಮತ್ತೆ ಹಂಡೆ ಇಲ್ಲ.

ತಮ್ಮನ ತೊಟ್ಟಿಲ ಮರುದಿನ ಅದನ್ನು ತೊಳೆಯುವ ಕೆಲಸ ಅಕ್ಕನಿಗೆ ಬಂತು. ನಮ್ಮ ಮನೆಯಲ್ಲಿ ತಾಮ್ರವೆಂದರೆ ನೀರಿನ ಕೊಡ ಮಾತ್ರ; ಅದನ್ನು ಒಳಗೂ ಹೊರಗೂ ಕೆಂಪಗೆ ಹೊಳೆಯುವಂತೆ ತಿಕ್ಕುವುದು ರೂಢಿ. ಹಂಡೆಯ ಒಳಗಿದ್ದ ಬೂದುಬಣ್ಣದ ಕಲಾಯಿಯನ್ನೂ ಅಕ್ಕ ಕೊಳೆಯೆಂದೇ ತಿಳಿದಳು. ಹುಳಿಸಾರು ತಾಮ್ರಕ್ಕೆ ತಾಗಿ ಕೆಡದಂತೆ ಕಾಯುವುದೇ ಆ ಲೇಪ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಇಟ್ಟಂಗಿ ಪುಡಿ, ತೆಂಗಿನ ನಾರು ಹಿಡಿದು ಹಂಡೆಯೊಳಗೇ ಇಳಿದು ಕುಳಿತಳು. ಸಂಜೆಯ ಹೊತ್ತಿಗೆ ಹಂಡೆ ಬೆಂಕಿಯಂತೆ ಹೊಳೆಯುತ್ತಿತ್ತು.

ಓಣಿಯ ಸಾಮಾನು ಕಾಯುತ್ತಿದ್ದವರು ಒಬ್ಬ ಹಿರಿಯರು. ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ವಿಜಯಪುರದ ಕಚೇರಿಗಳಿಗೆ ಓಡಾಡಿ ಓಡಾಡಿ ಅವರ ಬಾಯಲ್ಲಿ ದೊಡ್ಡ ದೊಡ್ಡ ಮಾತುಗಳು ಕೂತಿದ್ದವು. ನಮ್ಮ ಮನೆಗೆ ಬಂದು ಹಂಡೆಯೊಳಗೆ ಬಗ್ಗಿ ನೋಡಿದರು.

"ಕಲಾಯಿ ಎಲ್ಲಾ ಹೋಗೈತಿ! ಇದು ಓಣಿ ಸಾಮಾನಿನ ದುರುಪಯೋಗ. ಇನ್ನ ಈ ಮನಿಗೆ ಹಂಡೆ ಕೊಡಾಂಗಿಲ್ಲ" ಎಂದರು.

ಅಪ್ಪ ತಲೆ ತಗ್ಗಿಸಿದ. ಮುಂದಿನ ತಿಂಗಳು ಅಕ್ಕನ ಮದುವೆ. ಅಷ್ಟು ಜನಕ್ಕೆ ಬೇಯಿಸುವ ಪಾತ್ರೆ ಇನ್ನೆಲ್ಲಿಂದ ತರುವುದು? ಅಕ್ಕ ಬಾಗಿಲ ಹಿಂದೆ ಬಿಕ್ಕುತ್ತಿದ್ದಳು.

ಆಗ ಕಟ್ಟೆಯ ಮೇಲೆ ಕೂತಿದ್ದ ನಮ್ಮ ಆಯಿ, ಅಂದರೆ ಅಜ್ಜಿ, ಕೇಳಿದಳು: "ಯಪ್ಪಾ, ನಾ ಸಾಲಿ ಕಲಿತಾಕಿ ಅಲ್ಲ. ದುರುಪಯೋಗ ಅಂದ್ರ ಏನೋ?"

"ನಂಬಿ ಕೊಟ್ಟ ಸಾಮಾನ ತನ್ನ ಲಾಭಕ್ಕ ಬಳಸ್ಕೊಳ್ಳೂದು, ಆಯಿ."

ಆಯಿ ಅಕ್ಕನನ್ನು ಹೊರಗೆ ಕರೆದು ಅವಳ ಅಂಗೈ ಬಿಡಿಸಿ ತೋರಿಸಿದಳು. ಬೆರಳ ತುದಿಗಳು ಸುಲಿದು ಕೆಂಪಾಗಿದ್ದವು.

"ನೋಡು, ಹುಡುಗಿಗೆ ಆದ ಲಾಭ ಇದು. ಹ್ವಾದ ವರ್ಸ ನೀ ಇದ ಹಂಡೇದಾಗ ಜ್ವಾಳ ತುಂಬಿ, ಮಳಿಗಾಲ ಮುಗಿಯೂತನಕ ನಿನ್ನ ಮನ್ಯಾಗ ಇಟ್ಕೊಂಡಿದ್ದಿ. ಅದಕ್ಕೇನಂತಾರೋ?"

"ಅದು... ಇಲಿ ಕಾಟ ಇತ್ತು, ಆಯಿ."

"ಇಲಿ ನಮ್ಮನಿಗೂ ಬರತಾವ."

ನೆರೆದವರು ನಕ್ಕರು. ಕಾಕಾ ಹೆಗಲ ಟಾವೆಲ್ ಸರಿಮಾಡಿಕೊಂಡು, ಕೊನೆಗೆ ತಾವೂ ನಕ್ಕರು. "ಆತ್ ಬಿಡು. ಹುಡುಗಿ ತಿಳೀದ ಮಾಡ್ಯಾಳ. ತಪ್ಪು ಬಳಕಿ ಅನ್ನೂಣು."

"ಹಾಂಗನ್ನು. ತಪ್ಪಾದ್ರ ತಿದ್ದಾಕ ಬರತೈತಿ" ಎಂದಳು ಆಯಿ.

ಮುಂದಿನ ಸಂತೆಯ ದಿನ ಅಪ್ಪ ತಿಕೋಟಾದಿಂದ ಕಲಾಯಿಯವರನ್ನು ಕರೆತಂದ. ಬೇವಿನ ಮರದ ಕೆಳಗೆ ತಿದಿ ಒತ್ತಿದರು; ಕೆಂಡ ಕೆಂಪಾಯಿತು, ಒಳಗೆ ಉದುರಿಸಿದ ನವಸಾಗರದ ಪುಡಿಯ ಹೊಗೆ ಮೂಗಿಗೆ ಚುರ್ರೆಂದಿತು. ಕರಗಿದ ತವರವನ್ನು ಅರಳೆಯಿಂದ ಒಮ್ಮೆ ಒರೆಸಿದರೆ ಹಂಡೆಯೊಳಗೆ ಬೆಳದಿಂಗಳು ಬಿದ್ದಂತೆ. ಅಕ್ಕನ ಮದುವೆಯ ಸಾರು ಅದರಲ್ಲೇ ಕುದಿಯಿತು. ಸೌಟು ಹಿಡಿದು ನಿಂತವರು ಕಾಕಾ.

ಈಗ ನಾನಿರುವುದು ಗೋಳಗುಮ್ಮಟದ ಹತ್ತಿರ, ಮಗನ ಮನೆಯಲ್ಲಿ. ಇಲ್ಲಿ ಯಾವ ಹಂಡೆಯನ್ನೂ ಯಾರೂ ಹಂಚಿಕೊಳ್ಳುವುದಿಲ್ಲ. ಅಧಿಕಾರದ ದುರುಪಯೋಗ, ಹಣದ ದುರ್ಬಳಕೆ ಎಂಬ ಮಾತು ಮಾತ್ರ ದಿನಾಲೂ ಪತ್ರಿಕೆಯಲ್ಲಿ ಬರುತ್ತದೆ. ಅಲ್ಲಿ ಬಹಳ ಸಲ ಆ ಮಾತೇ ಸರಿ. ಮೊನ್ನೆ ಮೊಮ್ಮಗಳು ಅಮ್ಮನಿಗೆ ನೆರವಾಗಲೆಂದು ನಾನ್‌ಸ್ಟಿಕ್ ತವೆಯನ್ನು ತಂತಿಯ ಜುಂಗಿನಿಂದ ತಿಕ್ಕಿ, ಕಪ್ಪು ಲೇಪವನ್ನೆಲ್ಲ ಕಿತ್ತಿಟ್ಟಳು. ಅದಕ್ಕೆ ಕಲಾಯಿ ಹಾಕುವವರು ಯಾರೂ ಇಲ್ಲ.

"ಎಲ್ಲಾ ಹಾಳು ಮಾಡೂದ ನಿನ್ನ ಕೆಲಸ!" ಎಂದು ಅವಳಮ್ಮ ಕೂಗುತ್ತಿದ್ದಳು. ನಾನು ಎದ್ದು ಹೋಗಿ, ಮೊದಲು ಹುಡುಗಿಯ ಅಂಗೈ ಬಿಡಿಸಿ ನೋಡಿದೆ.