ಬೀದಿಗೆ ಬೆನ್ನು ಹಾಕಿದ ಮನೆ

ಬ್ಯಾಲರಟ್‌ನಿಂದಾಚೆಯ ನಮ್ಮ ಗಣಿಯೂರಿನಲ್ಲಿ ಗ್ರಂಥಾಲಯ, ಶಾಲೆ, ಹೆರಿಗೆ ಆಸ್ಪತ್ರೆ ಎಲ್ಲಕ್ಕೂ ನಕ್ಷೆ ಬರೆದವಳು ನನ್ನ ನಾದಿನಿ ಎನಿಡ್ ಟ್ರೆಜೀಸ್. ಮೊದಲು ಮೆಲ್ಬರ್ನ್‌ನ ದೊಡ್ಡ ಕಚೇರಿಯೊಂದರಲ್ಲಿ ವರ್ಷಗಟ್ಟಲೆ ಗಂಡಸರ ಕಟ್ಟಡಗಳಿಗೆ ಮೆಟ್ಟಿಲು, ಬಚ್ಚಲು ಬರೆದು ಬೇಸತ್ತು, ಯುದ್ಧ ಮುಗಿದ ಮೇಲೆ ಊರಿಗೆ ಬಂದಳು. ಸ್ವಂತ ಹೆಸರಿನಲ್ಲಿ ಅವಳು ಕಟ್ಟಿಸಿದ ಮೊದಲ ಮನೆ ಅವಳ ಅಪ್ಪನಿಗೆ, ಅವರ ಜೊತೆಗಿದ್ದ ನಮಗೆ. ಅದನ್ನು ನೋಡಿ ಊರೇ ನಕ್ಕಿತು.

ನಗದೆ ಏನು ಮಾಡಿಯಾರು? ಭೂಮಿಯ ದಕ್ಷಿಣಾರ್ಧದ ನಮ್ಮ ಕಡೆ ಚಳಿಗಾಲದ ಬಿಸಿಲು ಬರುವುದು ಉತ್ತರದಿಂದ. ಬೀದಿ ಇದ್ದದ್ದು ದಕ್ಷಿಣಕ್ಕೆ. ಎನಿಡ್ ಬಚ್ಚಲನ್ನು ಬೀದಿಗೆ ಕೊಟ್ಟು, ಗಾಜಿನ ದೊಡ್ಡ ಕೋಣೆಯನ್ನು ಹಿತ್ತಲಿಗೆ, ಕಕ್ಕಸಿನ ಗಾಡಿ ಬರುವ ಓಣಿಯ ಕಡೆಗೆ ತಿರುಗಿಸಿದ್ದಳು.

"ಏನಮ್ಮಾ ಎನಿಡ್, ಮೇಸ್ತ್ರಿ ನಕ್ಷೆ ತಲೆಕೆಳಗೆ ಹಿಡ್ಕೊಂಡಿದ್ನಾ?" ಎಂದ ಮಾಂಸದಂಗಡಿಯ ಆರ್ಚಿ.

"ಸೂರ್ಯನ್ನ ಕೇಳ್ದೆ ಆರ್ಚಿ. ಬೀದಿ ಕಡೆ ಬರಲ್ಲ ಅಂದ."

ಅವಳ ಹಟಕ್ಕೆ ಕಾರಣವಿತ್ತು. ನನ್ನ ಮಾವ ವಿಲ್ಫ್ ಅವರ ಎದೆಯಲ್ಲಿ ಗಣಿಯ ಧೂಳು ತುಂಬಿತ್ತು. ಇನ್ನೊಂದು ಚಳಿಗಾಲ ಥಂಡಿಯಲ್ಲಿ ಕೂತರೆ ಉಳಿಯುವುದಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಮುದುಕ ಕೇಳಬೇಕಲ್ಲ! ಹೋಗಿಬರುವವರನ್ನು ಮಾತಾಡಿಸದಿದ್ದರೆ ಅವರಿಗೆ ತಿಂದದ್ದು ಅರಗುತ್ತಿರಲಿಲ್ಲ. ಕುರ್ಚಿ ಎಳೆದುಕೊಂಡು ಹೋಗಿ ಬೀದಿ ಬದಿಯ ಬಚ್ಚಲ ಗೋಡೆಗೆ ಒರಗಿ ಕೆಮ್ಮುತ್ತ ಕೂರುತ್ತಿದ್ದರು.

"ಅಪ್ಪಾ, ಒಳಗೆ ಬಿಸಿಲಿದೆ, ಬಾ."

"ಹಿತ್ತಲಲ್ಲಿ ಕೂತು ಯಾರನ್ನ ಮಾತಾಡಿಸ್ಲಿ? ಕೋಳಿನಾ?"

ಎನಿಡ್ ಅಡುಗೆಮನೆಗೆ ಬಂದು ನನ್ನ ಮುಂದೆ ಅತ್ತಳು. "ಎಲ್ಲಾ ಲೆಕ್ಕ ಹಾಕ್ದೆ ರೂಬಿ. ಅಪ್ಪನ್ನೇ ಬಿಟ್ಟೆ."

"ಅತ್ತಿದ್ದು ಸಾಕು. ಪ್ಯಾಸ್ಟಿ ಬಿಸಿ ಇದೆ, ತಿನ್ನು," ಎಂದು ಮಾಂಸ ತುಂಬಿದ ಆ ಕಡುಬನ್ನು ಅವಳ ಮುಂದಿಟ್ಟೆ.

ತಿನ್ನುತ್ತ ಕಿಟಕಿಯಾಚೆ ನೋಡಿದಳು. ಅವತ್ತು ಶನಿವಾರ. ಹಿತ್ತಲ ಬೇಲಿಯ ಮೇಲಂಚಿನಲ್ಲಿ ಬರೀ ಟೊಪ್ಪಿಗೆಗಳು ಸಾಲಾಗಿ ಹೋಗುತ್ತಿದ್ದವು. ಫುಟ್‌ಬಾಲ್ ಮೈದಾನಕ್ಕೆ ಆ ಓಣಿಯೇ ಅಡ್ಡದಾರಿ. ಪ್ಯಾಸ್ಟಿ ಅಲ್ಲೇ ಬಿಟ್ಟು ಗರಗಸ ತಂದಳು. ಸಂಜೆಯೊಳಗೆ ಆಳೆತ್ತರದ ಬೇಲಿ ಸೊಂಟದೆತ್ತರಕ್ಕೆ ಇಳಿದಿತ್ತು. ಆಮೇಲೆ ನಡುವೆ ಒಂದು ಗೇಟನ್ನೂ ಇಟ್ಟಳು.

ಮುಂದಿನ ಶನಿವಾರ ಮಾವ ಬಿಸಿಲಲ್ಲಿ ಕೂತು ಕೂಗಿದರು: "ಏಯ್ ಆರ್ಚಿ, ನಿನ್ನಂಗಡೀಲಿ ನೇತಾಡೋ ಕುರಿಗಳೇ ನಿಮ್ ಟೀಮಿಗಿಂತ ಚೆನ್ನಾಗಿ ಓಡ್ತವೆ ಕಣೋ!"

ಆರ್ಚಿ ಜಗಳವಾಡಲೆಂದೇ ಗೇಟು ತೆಗೆದು ಒಳಬಂದ. ಚಹಾ ಕುಡಿದು ಹೋದ. ಆಮೇಲೆ ಬರದವರೇ ಇಲ್ಲ. ನನಗೆ ಒಲೆಯಿಂದ ಕೆಟಲು ಇಳಿಸಲು ಪುರುಸೊತ್ತಿಲ್ಲದಾಯಿತು.

ಆ ಚಳಿಗಾಲ ದಾಟಿತು, ಇನ್ನೂ ಹಲವು ದಾಟಿದವು. ಎನಿಡ್‌ಗೆ ಕೆಲಸದ ಮೇಲೆ ಕೆಲಸ ಬಂತು. ಯಾವ ಕಟ್ಟಡವಾದರೂ ಅವಳು ಮೊದಲು ಕೇಳುತ್ತಿದ್ದುದು, "ಇಲ್ಲಿ ಕೂತವರಿಗೆ ಯಾರು ಕಾಣ್ತಾರೆ?" ಎಂದೇ. ಗ್ರಂಥಾಲಯ ಸಮಿತಿಯ ದೊಡ್ಡಮನುಷ್ಯರು ಮುಖ ಮುಖ ನೋಡಿಕೊಂಡರಂತೆ.

ಮಾವನ ಅಂತ್ಯಸಂಸ್ಕಾರದ ದಿನ ಶವದ ಕಾರು ಬೀದಿಯಲ್ಲಿ ಬಂದು ನಿಂತಿತು. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಇಷ್ಟು ಜನಕ್ಕೆ ಚಹಾ ಕಾಸಿಕೊಟ್ಟೆನಲ್ಲ ಎಂದು ನನಗೆ ಹೊಟ್ಟೆ ಉರಿಯಿತು. ಎನಿಡ್ ಗಾಜಿನ ಕೋಣೆಗೆ ಹೋಗಿ ಪರದೆ ಸರಿಸಿದಳು. ಟೊಪ್ಪಿಗೆ ಕೈಯಲ್ಲಿ ಹಿಡಿದು ಊರೇ ಓಣಿಯುದ್ದಕ್ಕೂ ನಿಂತಿತ್ತು. ಆರ್ಚಿ ಗೇಟು ತೆರೆದು ಹಿಡಿದಿದ್ದ.

"ಕಾರು ಸುತ್ಕೊಂಡು ಹೋಗಿ ಮೈದಾನದ ಹತ್ರ ಕಾಯ್ಲಿ ರೂಬಿ," ಎಂದಳು ಎನಿಡ್. "ಅಪ್ಪ ಮುಂಬಾಗಿಲಿಂದ ಹೋಗ್ತಾನೆ."