ಚೌಕಳಿ ಬಟ್ಟೆಗೂ ಮನೆತನ ಬೇಕೆ?

"ನಿಮ್ಮದು ಯಾವ ಕ್ಲ್ಯಾನ್?"

ಸಿಡ್ನಿಯ ಬಟ್ಟೆ ಅಂಗಡಿಯಲ್ಲಿ ಬಿಳಿಕೂದಲ ಹೆಂಗಸೊಬ್ಬರು ಹೀಗೆ ಕೇಳಿದಾಗ ಕೆಂಪು ಚೌಕಳಿಯ ಉಣ್ಣೆ ಬಟ್ಟೆ ನನ್ನ ಕೈಯಲ್ಲಿತ್ತು. ಮೆತ್ತಗೆ ಕೆಳಗಿಟ್ಟೆ. "ಸುಮ್ನೆ ನೋಡ್ತಿದ್ದೆ" ಅಂದು ಹೊರಗೆ ಬಂದುಬಿಟ್ಟೆ.

ಸುಮ್ಮನೆ ನೋಡೋಕೆ ಹೋದವನಲ್ಲ ನಾನು. ಮೆಲ್ಬರ್ನ್‌ನ ಕ್ಲೈಡ್ ನಾರ್ತ್‌ನಲ್ಲಿ ನಮ್ಮನೆ ಹತ್ತಿರ ಸ್ಕಾಟಿಷ್ ಊದುವಾದ್ಯ ಬ್ಯಾಗ್‌ಪೈಪ್‌ನ ಒಂದು ಪುಟ್ಟ ತಂಡವಿದೆ. ಒಂದು ವರ್ಷದಿಂದ ಅಲ್ಲಿ ಡ್ರಮ್ ಬಾರಿಸ್ತಿದ್ದೀನಿ. ಮುಂದಿನ ತಿಂಗಳು ನನ್ನ ಮೊದಲ ಮೆರವಣಿಗೆ. ಯೂನಿಫಾರ್ಮ್ ಅಂತಿಲ್ಲ, ಆದ್ರೆ ಕಿಲ್ಟ್ ಕಡ್ಡಾಯ. (ಸ್ಕಾಟ್ಲೆಂಡಿನ ಗಂಡಸರು ಉಡೋ, ಚೌಕಳಿ ಬಟ್ಟೆಯ ನೆರಿಗೆ ಉಡುಗೆ. ನನ್ನ ಮಗಳು ಸ್ಕರ್ಟ್ ಅಂತಾಳೆ.) ರೆಡಿಮೇಡ್ ಯಾವುದೂ ನನ್ನ ಹೊಟ್ಟೆಗೆ ಒಪ್ಪಲಿಲ್ಲ. ಹೊಲಿಗೆ ಬರುತ್ತಲ್ಲ, ನಾನೇ ಹೊಲಿದ್ರಾಯ್ತು ಅಂತ, ಆಫೀಸ್ ಕೆಲಸಕ್ಕೆ ಸಿಡ್ನಿಗೆ ಬಂದಾಗ ಅಂಗಡಿ ಹುಡುಕಿದೆ.

ಕ್ಲ್ಯಾನ್ ಅಂದ್ರೆ ಮನೆತನ. ಒಂದೊಂದು ಮನೆತನಕ್ಕೆ ಒಂದೊಂದು ಚೌಕಳಿ. ಆ ಹೆಂಗಸು ಕೇಳಿದ್ದರಲ್ಲಿ ತಪ್ಪೇನಿತ್ತು? ಏನೂ ಇಲ್ಲ. ಆದ್ರೆ ನನ್ನ ಕಿವಿಗೆ ಬಿದ್ದದ್ದೇ ಬೇರೆ.

ಮದುವೆಯಾದ ಹೊಸದರಲ್ಲಿ ನಾನೂ ಹೆಂಡತಿ ಸವಿತಾನೂ ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕ್ತಿದ್ವಿ. ಓನರ್‌ಗಳು ಕೂರಿಸೋರು, ನೀರು ಬರೋ ಟೈಮ್ ಹೇಳೋರು. ಕೊನೆಗೆ ತಗ್ಗಿದ ದನಿಯಲ್ಲಿ, "ತಪ್ಪು ತಿಳ್ಕೋಬೇಡಿ, ನೀವು ಯಾವ ಜನ?" ಹೇಳ್ತಿದ್ದೆ. ಕೂಡ್ಲೇ ಅವರಿಗೆ ತಂಗಿ ಮಗಳೋ ಮತ್ಯಾರೋ ಆ ಮನೆಗೆ ಬರೋದು ನೆನಪಾಗ್ತಿತ್ತು. ಆರು ಮನೆ ಹೀಗೇ ಹೋಯ್ತು. ಆಸ್ಟ್ರೇಲಿಯಾದಲ್ಲಿ ಕಾಯಂ ವಾಸಕ್ಕೆ ಪಿಆರ್ ಸಿಕ್ಕಿ ಇಲ್ಲೇ ಮನೆ ಕೊಂಡ ಮೇಲೂ, ನಮ್ಮವರ ಪಾರ್ಟಿಗಳಲ್ಲಿ "ನಿಮ್ಮ ಫುಲ್ ನೇಮ್ ಏನು?" ಅಂತ ಕೆದಕೋರು ಇದ್ದೇ ಇದ್ದಾರೆ.

ಅಂಗಡಿಯಿಂದ ಸಿಡ್ನಿಯ ದಿ ಪಾಂಡ್ಸ್ ಬಡಾವಣೆಯಲ್ಲಿರೋ ಗೆಳೆಯನ ಮನೆಗೆ ಹೋಗುವಾಗ ಮೆಟ್ರೋದಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಎದ್ದೆ, ಕೂತೆ, ಮತ್ತೆ ಎದ್ದೆ. ನಲವತ್ತೈದು ದಾಟಿದವನು ಒಂದು ಪ್ರಶ್ನೆಗೆ ಹೆದರಿ ಓಡಿಬರೋದಾ? ತಂಡದ ಹಿರಿಯ ಡ್ರಮ್ಮರ್ ಮಾಲ್ಕಮ್‌ಗೆ ಫೋನ್ ಮಾಡಿದೆ. ರಿಟೈರ್ಡ್ ಟ್ರಾಮ್ ಡ್ರೈವರ್, ಅಪ್ಪಟ ಸ್ಕಾಟಿಷ್ ಮನೆತನದವನು ಅಂತ ನಾನು ತಿಳ್ಕೊಂಡಿದ್ದ ಮನುಷ್ಯ. ಎಲ್ಲ ಹೇಳಿದೆ, ಆ ಆರು ಮನೆಗಳನ್ನೂ ಸೇರಿಸಿ.

"ನನ್ನ ಕ್ಲ್ಯಾನ್ ಯಾವುದು ಅಂತ ನಂಗೇ ಗೊತ್ತಿಲ್ಲ ಕಣಪ್ಪ," ಅಂದ. "ಅನಾಥಾಲಯದಲ್ಲಿ ಬೆಳೆದವನು. ಹಸಿರು ಚೌಕಳಿ ಇಷ್ಟ ಆಯ್ತು, ತಗೊಂಡೆ. ಇಷ್ಟು ವರ್ಷ ತಂಡದಲ್ಲಿ ಯಾರಿಗೂ ಹೇಳಿಲ್ಲ."

(ಇದನ್ನ ಇಲ್ಲಿ ಬರೀಲಾ ಅಂತ ಆಮೇಲೆ ಕೇಳಿದೆ. ಬರಿ ಅಂದ.)

ಮರುದಿನ ಅಂಗಡಿ ಬಾಗಿಲು ತೆಗೆಯೋ ಮೊದಲೇ ಹೋಗಿ ನಿಂತೆ. ಅದೇ ಹೆಂಗಸು. "ನಂಗೆ ಕ್ಲ್ಯಾನ್ ಇಲ್ಲ," ಅಂದೆ. ದನಿ ಬೇಕಾದ್ದಕ್ಕಿಂತ ಜೋರಾಗಿತ್ತು.

"ಸರಿ, ಹಾಗಾದ್ರೆ ಎಲ್ಲ ಕಪಾಟೂ ನೋಡಿ," ಅಂದ್ರು, ಅಷ್ಟೇ.

ನೋಡಿದೆ. ಎರಡು ಗಂಟೆ. ಪಾಲಿಯೆಸ್ಟರ್ ಹಗುರ, ಆದ್ರೆ ನೆರಿಗೆ ನಿಲ್ಲಲ್ಲ. ದಪ್ಪ ಉಣ್ಣೆಯಲ್ಲಿ ನೆರಿಗೆ ಚೆನ್ನಾಗಿ ಕೂರುತ್ತೆ, ಆದ್ರೆ ಮೆಲ್ಬರ್ನ್ ಬಿಸಿಲಲ್ಲಿ ನಾನು ಬೆಂದೇಹೋಗ್ತೀನಿ. ದೊಡ್ಡ ಚೌಕಳಿ ಹಾಕಿದ್ರೆ ಸೊಂಟ ಇನ್ನೂ ಅಗಲ ಕಾಣುತ್ತೆ. ಕೊನೆಗೆ ಆರಿಸಿದ್ದು ಬೂದು-ನೀಲಿ, ಮಧ್ಯಮ ತೂಕದ ಉಣ್ಣೆ, ಏಳು ಮೀಟರ್. ಫ್ಲೈಟ್‌ನಲ್ಲಿ ತೊಡೆ ಮೇಲೇ ಇಟ್ಕೊಂಡಿದ್ದೆ.

ಮನೆಗೆ ಬಂದು ಮೂರು ದಿನವಾದರೂ ಕತ್ತರಿ ಮುಟ್ಟಲಾಗಲಿಲ್ಲ. ಈ ಬಣ್ಣ ಸರಿನಾ? ಮೆರವಣಿಗೆಯಲ್ಲಿ ಯಾರಾದ್ರೂ ನಿಲ್ಲಿಸಿ ಕೇಳಿದ್ರೆ? ಬಟ್ಟೆ ಬಿಚ್ಚೋದು, ಮಡಚೋದು, ಇದೇ ಆಯ್ತು.

ಭಾನುವಾರ ತುಮಕೂರಿಂದ ಅಮ್ಮ ವಿಡಿಯೋ ಕಾಲ್ ಮಾಡಿದ್ಲು. ಮೂವತ್ತು ವರ್ಷ ಬೀದಿಯವರ ಬ್ಲೌಸ್ ಹೊಲಿದವಳು, ನಂಗೆ ಮೆಷಿನ್ ತುಳಿಯೋದು ಕಲಿಸಿದವಳು. ಬಟ್ಟೇನ ಕ್ಯಾಮೆರಾಗೆ ಹಿಡಿದೆ. ಕನ್ನಡಕ ಏರಿಸಿ ನೋಡಿದ್ಲು.

"ನೆನೆ ಹಾಕಿದ್ಯಾ? ಉಣ್ಣೆ ಕುಗ್ಗುತ್ತೆ. ಮೊದ್ಲು ತಣ್ಣೀರಲ್ಲಿ ಅದ್ದು, ಆಮೇಲೆ ಕತ್ರಿ ಹಾಕು."

ಬಟ್ಟೆ ವಿಷಯದಲ್ಲಿ ಕೇಳಲೇಬೇಕಾದ ಪ್ರಶ್ನೆ ಇನ್ಯಾವುದಿದೆ, ಹೇಳಿ?